ಪತ್ಮೊಸ್ ದರ್ಶನದ ವಿಭಕ್ತಿ

ಯೋಹಾನನ 'ಪ್ರಕಟನೆ'ಯ ಗ್ರೀಕ್ ಶುದ್ಧವಲ್ಲವೆಂದು 3ನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯದ ಡಯೊನಿಸಿಯಸ್ ಆಕ್ಷೇಪಿಸಿದ್ದನು. ಮೊದಲ ಅಧ್ಯಾಯದ 4ನೆಯ ವಚನದಲ್ಲಿ, 'ಇಂದ' ಎಂಬರ್ಥದ 'ಅಪೊ' ಷಷ್ಠಿಯನ್ನು ಬೇಡಿದರೂ ದೇವನಾಮ ಪ್ರಥಮಾ ವಿಭಕ್ತಿಯಲ್ಲಿಯೇ ನಿಂತಿದೆ. ಆದರೆ ಅದೇ ವಚನದಲ್ಲಿ ಏಳು ಆತ್ಮಗಳ ಪ್ರಸ್ತಾಪ ಬಂದಾಗ ಷಷ್ಠಿ ತಪ್ಪಿಲ್ಲ. ಯೋಹಾನನಿಗೆ ನಿಯಮ ತಿಳಿದಿತ್ತು. ವಿಮೋಚನಕಾಂಡದ ಗ್ರೀಕ್ ಅನುವಾದದಿಂದ ಬಂದ ನಾಮವನ್ನು ವಿಭಕ್ತಿಗೆ ಬಗ್ಗಿಸಲು ಅವನು ಒಪ್ಪಲಿಲ್ಲವೆನ್ನುವುದೇ ಯುಕ್ತ.

ಇದನ್ನು ಬಲ್ಲ ಓದುಗನು 12ನೆಯ ವಚನವನ್ನೂ ಅವಸರದಿಂದ ತಿದ್ದಲಾರನು. ಅಲ್ಲಿ ಯೋಹಾನನು ತಿರುಗುವುದು ಧ್ವನಿಯನ್ನು 'ನೋಡಲು'. ಮಾತಾಡಿದವನನ್ನು ನೋಡಲು ಎಂದು ಅನುವಾದಿಸಿದರೆ ವಾಕ್ಯ ಸುಗಮವಾಗುತ್ತದೆ, ಧ್ವನಿಯೇ ರೂಪ ತಾಳುವ ಕ್ಷಣ ಅಳಿಯುತ್ತದೆ. ಆ ರೂಪವೂ ಸರಳವಲ್ಲ: ದೀಪಸ್ತಂಭಗಳ ನಡುವೆ ನಿಂತವನು ಮನುಷ್ಯಕುಮಾರಸದೃಶನು, ಅವನ ತಲೆಗೂದಲ ಬಿಳುಪಾದರೋ, ದಾನಿಯೇಲನ 7ನೆಯ ಅಧ್ಯಾಯದ ಅರಾಮಿಕ್‌ನಲ್ಲಿ, ಸಿಂಹಾಸನಾರೂಢನಾದ ಮಹಾವೃದ್ಧನದು.