ಸವಲತ್ತು ಎಂಬ ಪದ, ಕೊಲ್ಲಾಪುರದ ಒಂದು ಹುಕುಂ

ಅಮೆರಿಕದ ಚಿಂತಕರು 'ವೈಟ್ ಪ್ರಿವಿಲೇಜ್' ಎಂದು ಕರೆಯುವ ಪರಿಕಲ್ಪನೆಯನ್ನು ಕನ್ನಡಕ್ಕೆ ತರಹೊರಟವರಿಗೆ ಮೊದಲು ಎದುರಾಗುವುದು ತತ್ತ್ವದ ತೊಡಕಲ್ಲ, ಪದದ ತೊಡಕು. 'ಬಿಳಿಯರ ಸವಲತ್ತು' ಎಂದು ಬರೆದು ನೋಡಿ. ಸವಲತ್ತು ಎಂದರೆ ನಮಗೆ ಸರಕಾರ ಕೊಡುವಂಥದ್ದು: ವಿದ್ಯಾರ್ಥಿವೇತನ, ಹಾಸ್ಟೆಲು, ಶುಲ್ಕ ವಿನಾಯಿತಿ. ಅದನ್ನು ಪಡೆಯುವವರು ಬಡವರು, ಕೆಳಜಾತಿಯವರು. ಮರಾಠಿಯ 'ಸವಲತ್' ಪದದ ಅರ್ಥವೂ ರಿಯಾಯಿತಿಯೇ. ಈ ಸಂಚಿಕೆಯ ಇನ್ನರ್ಧವನ್ನು ತುಂಬುವ ಮಲಯಾಳಿ ಗೆಳೆಯರ 'ಆನುಕೂಲ್ಯಂ' ಕೂಡ ಅದೇ ದಾರಿ ಹಿಡಿದಿದೆ. ಉಳ್ಳವರ ಬಗ್ಗೆ ಆಡಬೇಕಾದ ಮಾತು ಹೀಗೆ ಮೂರು ಭಾಷೆಗಳಲ್ಲೂ ಇಲ್ಲದವರ ಹೆಗಲೇರಿ ಕುಳಿತಿದೆ. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟಾಗ ಹಿಡಿದದ್ದು ಈ ತಲೆಕೆಳಗಾದ ಸ್ಥಿತಿಯನ್ನೇ. ಹುಟ್ಟಿನಿಂದ ಬ್ರಾಹ್ಮಣನಾದವನ ಅನುಕೂಲ ಯಾರ ಕಣ್ಣಿಗೂ ಬೀಳುವುದಿಲ್ಲ. ಸರಕಾರದಿಂದ 'ಬ್ರಾಹ್ಮಣ'ನಾದವನದು ಊರಿಗೆಲ್ಲ ಕಾಣುತ್ತದೆ.

ಈ ಪರಿಕಲ್ಪನೆಗೆ ನಮ್ಮ ವಿಮರ್ಶಾವಲಯದಲ್ಲಿ ಎರಡು ತಕರಾರುಗಳಿವೆ. ಇದು ಪರದೇಶದ ಸರಕು ಎಂಬುದು ಒಂದು. ಇದು ಬಡವರನ್ನು ಒಡೆಯುತ್ತದೆ, ಹೊಟ್ಟೆಗಿಲ್ಲದ ಮೇಲ್ಜಾತಿಯವನಿಗೆ ಎಂಥ ಸವಲತ್ತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೆಚ್ಚು ಹೊತ್ತು ಬೇಡ. ಜೋತಿಬಾ ಫುಲೆ 1873ರಲ್ಲೇ 'ಗುಲಾಮಗಿರಿ'ಯನ್ನು ನೀಗ್ರೋಗಳ ದಾಸ್ಯವನ್ನು ತೊಲಗಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಹೋಲಿಕೆಯನ್ನು ಮಾಡಿದ್ದು ನಮ್ಮ ಕಡೆಯಿಂದಲೇ, ಅದೂ ಬಹಳ ಹಿಂದೆ. ಎರಡನೆಯ ತಕರಾರು ಗಟ್ಟಿಯಾದದ್ದು. ಅದನ್ನು ಪರೀಕ್ಷಿಸಲು ನಾನು ಕೊಲ್ಲಾಪುರದ ಕಡೆಗೆ ಹೊರಳುತ್ತೇನೆ. 1967ರ ಮಹಾಜನ ವರದಿಯ ಪುಟಗಳಲ್ಲಿ ಕಾಸರಗೋಡಿನವರಾದ ನಾವೂ ಮಹಾರಾಷ್ಟ್ರದ ಗಡಿಯವರೂ ಒಟ್ಟಿಗೇ ಇದ್ದೆವು. ಆ ಸೀಮೆಯ ಜಗಳ ನಮಗೆ ತೀರ ಹೊರಗಿನದಲ್ಲ.

1899ರ ಕಾರ್ತಿಕ ಮಾಸದಲ್ಲಿ ಶಾಹೂ ಮಹಾರಾಜರು ಪಂಚಗಂಗೆಯಲ್ಲಿ ಸ್ನಾನಕ್ಕೆ ಇಳಿದಾಗ ಪುರೋಹಿತ ವೇದಮಂತ್ರ ಬಿಟ್ಟು ಪುರಾಣೋಕ್ತ ಮಂತ್ರ ಹೇಳುತ್ತಿದ್ದ. ರಾಜನನ್ನು ಆತ ಶೂದ್ರನೆಂದು ಎಣಿಸಿದ್ದ. ತಾನೇ ಸ್ನಾನ ಮಾಡದೆ ಬಂದಿದ್ದ. ಪುರಾಣೋಕ್ತಕ್ಕೆ ಸ್ನಾನ ಬೇಕಿಲ್ಲವೆಂಬುದು ಅವನ ಸಮಾಧಾನ. ಮುಂದೆ ಅರಮನೆಯ ರಾಜೋಪಾಧ್ಯೆಯೂ ವೇದೋಕ್ತಕ್ಕೆ ಒಪ್ಪದೆ ಹೋಗಿ ಅವನ ಇನಾಮು ಜಪ್ತಿಯಾಯಿತು. ಈ ಪ್ರಕರಣವನ್ನು ಬ್ರಾಹ್ಮಣ-ಬ್ರಾಹ್ಮಣೇತರ ಚಳವಳಿಯ ಪೀಠಿಕೆಯಾಗಿ ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ. ನೀರಿನಲ್ಲಿ ನಿಂತವನು ರಾಜ್ಯದ ಒಡೆಯ. ದಡದಲ್ಲಿದ್ದವನು ದಕ್ಷಿಣೆಯ ಮೇಲೆ ಬದುಕುವವನು. ಹಣ, ಸೈನ್ಯ, ಸಿಂಹಾಸನ ಯಾವುದೂ ಕೊಡಲಾರದ ಒಂದು ಆ ದಕ್ಷಿಣೆಯವನ ಕೈಯಲ್ಲಿತ್ತು. ಬಡತನ ಒಂದು ಲೆಕ್ಕ, ಇದು ಇನ್ನೊಂದು ಲೆಕ್ಕ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಅಮೆರಿಕದವರೂ ಕೊಟ್ಟಿಲ್ಲ.

ಶಾಹೂ 1894ರಲ್ಲಿ ಪಟ್ಟವೇರಿದಾಗ ಆಡಳಿತದ 71 ಹುದ್ದೆಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋದ ಅವಧಿಯಲ್ಲಿ, 1902ರ ಜುಲೈ 26ರಂದು, ಅವರ ಪ್ರಸಿದ್ಧ ಹುಕುಂ ಹೊರಟಿತು: ಇನ್ನು ಮುಂದೆ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ. ಈ ಹುಕುಮನ್ನು ಸಾಹಿತ್ಯದ ವಿದ್ಯಾರ್ಥಿ ಓದುವ ರೀತಿಯಲ್ಲಿ, ಅದರ ವಾಕ್ಯರಚನೆಗಾಗಿ ಓದಬೇಕೆಂಬುದು ನನ್ನ ವಿನಂತಿ. ಹಿಂದುಳಿದವರು ಯಾರು? ಅದು ಅವರನ್ನು ಪಟ್ಟಿಮಾಡುವುದಿಲ್ಲ. ಬ್ರಾಹ್ಮಣ, ಪ್ರಭು, ಶೆಣ್ವಿ, ಪಾರ್ಸಿ ಮತ್ತಿತರ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲ ಎನ್ನುತ್ತದೆ. ಹೆಸರು ಹಿಡಿದು ಕರೆದದ್ದು ಇದ್ದವರನ್ನು. ಮೈಸೂರಿನಲ್ಲಿ ಮಿಲ್ಲರ್ ಸಮಿತಿಯ ನಂತರ 1921ರಲ್ಲಿ ಬಂದ ಆದೇಶದ ಧಾಟಿಯೂ ಇದೇ: ಬ್ರಾಹ್ಮಣರನ್ನು ಬಿಟ್ಟು, ನೌಕರಿಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ಉಳಿದವರು. ಆಮೇಲಿನ ನಮ್ಮ ಪಟ್ಟಿಗಳೆಲ್ಲ ಇಲ್ಲದವರನ್ನು ಹೆಸರಿಸುತ್ತವೆ. ಇದ್ದವನು ಪಟ್ಟಿಯ ಹೊರಗೆ, ಹೆಸರಿಲ್ಲದೆ, 'ಸಾಮಾನ್ಯ'ನಾಗಿ ಉಳಿದ. ಸವಲತ್ತೆಂಬ ಪದ ತಲೆಕೆಳಗಾಗಲು ಈ ವ್ಯಾಕರಣದ ಪಲ್ಲಟವೂ ಕಾರಣವೆಂದು ನಾನು ತಿಳಿಯುತ್ತೇನೆ.

ಹುಕುಮನ್ನು ವಿರೋಧಿಸಿದ ಸಾಂಗಲಿಯ ವಕೀಲ ಅಭ್ಯಂಕರರನ್ನು ಶಾಹೂ ತಮ್ಮ ಲಾಯಕ್ಕೆ ಕರೆದೊಯ್ದ ಕತೆಯೊಂದಿದೆ. ಹುರುಳಿಯನ್ನು ಒಟ್ಟಿಗೆ ಸುರಿದಾಗ ಬಲಿಷ್ಠ ಕುದುರೆಗಳೇ ಮುಗಿಸಿಬಿಟ್ಟವು. ಬಡಕಲು ಕುದುರೆಗಳು ಹಿಂದೆ ನಿಂತವು. ಭಾಷಣಗಳಲ್ಲಿ ಈ ಕತೆಗೆ ಚಪ್ಪಾಳೆ ಖಚಿತ. ಆದರೆ ಕತೆ ಹುಕುಮಿಗಿಂತ ದುರ್ಬಲ. ಕುದುರೆಯ ಬಲ ಅದರ ಮೈಯಲ್ಲಿದೆ. ಪಂಚಗಂಗೆಯ ದಡದವನ ಬಲ ಮೈಯಲ್ಲಿರಲಿಲ್ಲ, ಸುತ್ತ ನಿಂತವರೆಲ್ಲರ ಒಪ್ಪಿಗೆಯಲ್ಲಿತ್ತು. ದೃಷ್ಟಾಂತ ಮುಚ್ಚಿದ್ದನ್ನು ಗೆಜೆಟ್ಟಿನ ಒಣ ವಾಕ್ಯ ತೆರೆದು ತೋರಿಸುತ್ತದೆ.

ಬಡವನಿಗೆ ಎಂಥ ಸವಲತ್ತು ಎಂಬ ಪ್ರಶ್ನೆಗೆ ಉತ್ತರ ಇಚಲಕರಂಜಿಯಂಥ ಊರಿನಲ್ಲಿ ನಿಂತರೆ ಹೊಳೆಯುತ್ತದೆ. ಕೊಲ್ಲಾಪುರಕ್ಕೆ ಅಧೀನವಾಗಿದ್ದ ಬ್ರಾಹ್ಮಣ ಮನೆತನದ ಜಹಗೀರು ಅದು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ಮಗ್ಗಗಳ ಪಟ್ಟಣವಾಯಿತು. ಮಗ್ಗದ ಊರಿನವರಿಗೆ ಲಾಳಿಯನ್ನು ವಿವರಿಸಬೇಕಿಲ್ಲ. ಹಳೆಯ ಲಾಳಿಗೆ ಹೊಸ ಕಂಡಿಕೆ ಹಾಕಿದಾಗ ನೂಲಿನ ತುದಿಯನ್ನು ಅದರ ಕಣ್ಣಿನಿಂದ ಬಾಯಲ್ಲಿ ಹೀರಿ ತೆಗೆಯಬೇಕಿತ್ತು. ಇಷ್ಟೇ ಕಾರಣಕ್ಕೆ ಮುಂಬಯಿಯ ಗಿರಣಿಗಳ ನೇಯ್ಗೆ ವಿಭಾಗದಲ್ಲಿ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ಅವರ ಎಂಜಲು ತಾಗಿದ ಲಾಳಿಯನ್ನು ಇತರ ಕೂಲಿಗಳು ಬಾಯಿಗೆ ಇಡಲೊಲ್ಲರು. ನೇಯ್ಗೆಯಲ್ಲಿ ಕೂಲಿ ಹೆಚ್ಚು. ಅಸ್ಪೃಶ್ಯರಿಗೆ ಉಳಿದದ್ದು ಕಡಿಮೆ ಕೂಲಿಯ ವಿಭಾಗಗಳು. 1928ರ ಗಿರಣಿ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನೆತ್ತಿದರು. ನೇಕಾರ ಶ್ರೀಮಂತನಾಗಿರಲಿಲ್ಲ, ಚಾಳಿನ ಒಂದೇ ಕೋಣೆಯಲ್ಲಿದ್ದ. ಆದರೂ ಅವನ ಎಂಜಲಿಗೆ ಬೆಲೆಯಿತ್ತು. ಅಮೆರಿಕದ ಡು ಬೋಯಿಸ್ 1935ರಲ್ಲಿ ಬಿಳಿಯ ಕೂಲಿಗೆ ಸಂಬಳದ ಜೊತೆಗೆ ಸಲ್ಲುವ ಕಣ್ಣಿಗೆ ಕಾಣದ ಇನ್ನೊಂದು ಕೂಲಿಯ ಬಗ್ಗೆ ಬರೆದದ್ದು ಇದೇ ಅರ್ಥದಲ್ಲಿ. ಬಡವರನ್ನು ಒಡೆದದ್ದು ಪರಿಕಲ್ಪನೆಯಲ್ಲ, ಲಾಳಿ.

ಹಾಗೆಂದು ಅಮೆರಿಕದಿಂದ ಬಂದದ್ದನ್ನೆಲ್ಲ ನಾನು ಒಪ್ಪುವವನಲ್ಲ. ಪೆಗ್ಗಿ ಮ್ಯಾಕಿಂಟಾಷ್ 1988ರ ತಮ್ಮ ಲೇಖನದಲ್ಲಿ ಬಿಳಿಯಳಾಗಿ ತನಗೆ ದಕ್ಕಿದ ದಿನನಿತ್ಯದ ಅನುಕೂಲಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಪ್ರಾಮಾಣಿಕ ಬರಹವೇ ಅದು. ಆದರೆ 'ನಾನು, ನನಗೆ' ಎಂಬ ಈ ದಾರಿ ಬಲುಬೇಗ ಪಾಪನಿವೇದನೆಗೆ ತಿರುಗುತ್ತದೆ. ಕನ್ನಡದ ನವ್ಯ ಕಾದಂಬರಿಗೆ ಇದರ ಪರಿಚಯವಿದೆ. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ಪ್ರಾಣೇಶಾಚಾರ್ಯರ ಅಂತರಂಗದ ತಳಮಳ ಪುಟಪುಟಗಳನ್ನು ತುಂಬುತ್ತದೆ. ಬೆಳ್ಳಿಯ ಅಪ್ಪ ಅವ್ವ ಸತ್ತು ಗುಡಿಸಲು ಸುಟ್ಟುಹೋಗುವುದಕ್ಕೆ ಸಿಕ್ಕುವ ಜಾಗ ಅಲ್ಪ. ಕಾದಂಬರಿ ಅಗ್ರಹಾರವನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆಯುತ್ತದೆ, ನಿಜ; ಆದರೆ ತೊಳಲಾಡುವ ಹಕ್ಕೂ ಅಗ್ರಹಾರದವನಿಗೇ ಉಳಿಯುತ್ತದೆ. ಶಾಹೂ ಹುಕುಮಿಗೆ ಯಾರ ತೊಳಲಾಟವೂ ಬೇಕಿರಲಿಲ್ಲ. ಅದು ಕುರ್ಚಿ ಎಣಿಸಿತು. 1912ರ ಹೊತ್ತಿಗೆ 95 ಹುದ್ದೆಗಳಲ್ಲಿ ಬ್ರಾಹ್ಮಣರ ಪಾಲು 35ಕ್ಕೆ ಇಳಿದಿತ್ತು.

ಹುಕುಮಿನ 'ಉಳಿದವರೆಲ್ಲ' ಎಂಬ ಮಾತಿನಲ್ಲೂ ಒಂದು ಕುರುಡು ಇದೆ. ಹಿರಣ್ಯಕೇಶಿಯ ದಡದ ಗಡಹಿಂಗ್ಲಜದಲ್ಲಿ ಮನೆಯೊಳಗೆ ಕನ್ನಡ ಆಡುವ ಲಿಂಗಾಯತ, ಪಕ್ಕದ ಮರಾಠಾ ರೈತ, ಊರಾಚೆಯ ಮಹಾರ ಮೂವರೂ ಆ 'ಉಳಿದವರು'. ಕೊಲ್ಲಾಪುರದಲ್ಲಿ ಇಂದಿಗೂ ಹೇಳುವ ಗಂಗಾರಾಮ ಕಾಂಬಳೆಯ ಪ್ರಸಂಗ ಗೊತ್ತಿರಬಹುದು. ಅರಮನೆಯ ಲಾಯದಲ್ಲಿದ್ದ ಆತ ಮರಾಠರ ನೀರಿನ ತೊಟ್ಟಿ ಮುಟ್ಟಿದನೆಂದು ಹೊಡೆತ ತಿಂದ. ಹೊಡೆದವರು ಬ್ರಾಹ್ಮಣರಲ್ಲ, 1902ರ ಲೆಕ್ಕದಲ್ಲಿ ಅವನ ಜೊತೆಗೇ ಹಿಂದುಳಿದವರು. ಶಾಹೂ ಅವನಿಗೆ ಚಹಾದ ಅಂಗಡಿ ಹಾಕಿಸಿ, ತಾವೇ ಅಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದರು.

ಈ ಪ್ರಸಂಗದ ಬೆಳಕಿನಲ್ಲಿ ಕಾಗಲದ ಆನಂದ ಯಾದವರ 'ಝೋಂಬಿ'ಯನ್ನು (1987) ಮತ್ತೆ ಓದಬೇಕು. ಶಾಲೆಗೆ ಹೋಗುವುದಕ್ಕಾಗಿ ಅಪ್ಪನೊಡನೆ, ಹಸಿವಿನೊಡನೆ, ಮುಗಿಯದ ಹೊಲಗೆಲಸದೊಡನೆ ಸೆಣಸುವ ಹುಡುಗನ ಆತ್ಮಕಥನ ಅದು. ಆ ಹುಡುಗನಿಗೆ ಸವಲತ್ತಿತ್ತೆಂದು ಹೇಳಲು ಯಾರ ನಾಲಿಗೆಯೂ ಏಳದು. ನನ್ನ ನಾಲಿಗೆಯೂ ಏಳುವುದಿಲ್ಲ. 2016ರ ಮರಾಠಾ ಮೌನ ಮೋರ್ಚಾಗಳಲ್ಲಿ ನಡೆದ ಎಷ್ಟೋ ಹುಡುಗರ ಮನೆಯ ಕತೆ ಅದಕ್ಕಿಂತ ಬಹಳ ಬೇರೆಯಲ್ಲ. ಅವರ ಮೀಸಲಾತಿಯನ್ನು ಸುಪ್ರೀಂ ಕೋರ್ಟು 2021ರಲ್ಲಿ ತಳ್ಳಿಹಾಕಿತು, 2024ರಲ್ಲಿ ಮತ್ತೊಂದು ಕಾಯಿದೆ ಬಂತು. ಆದರೆ ಮಾಲಗತ್ತಿಯವರ ಪಕ್ಕದಲ್ಲಿಟ್ಟು ಓದಿದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. 'ಝೋಂಬಿ'ಯ ಹುಡುಗನಿಗೆ ಶಾಲೆಯ ದಾರಿ ಕಠಿಣ. ಒಮ್ಮೆ ಬಾಗಿಲು ದಾಟಿದರೆ ಒಳಗೆ ಅವನೊಬ್ಬ ವಿದ್ಯಾರ್ಥಿ. 'ಗೌರ್ಮೆಂಟ್ ಬ್ರಾಹ್ಮಣ'ದ ಹುಡುಗನಿಗೆ ಬಾಗಿಲು ದಾಟಿದ ಮೇಲೇ ಕತೆ ಶುರುವಾಗುತ್ತದೆ. ಈ ವ್ಯತ್ಯಾಸವನ್ನು ಹೇಳುವುದರಿಂದ ಮೊದಲನೆಯವನ ಕಷ್ಟ ಸಣ್ಣದಾಗುವುದಿಲ್ಲ.

ಇಲ್ಲಿನ ಓದುಗರಿಗೆ ಇನ್ನೊಂದು ಮಾತು. ವೈದ್ಯ ಪಲ್ಪು ಈಳವನೆಂಬ ಕಾರಣಕ್ಕೆ ತಿರುವಿದಾಂಕೂರು ನೌಕರಿ ಕೊಡದೆ ಮೈಸೂರಿಗೆ ಹೋಗಿ ದುಡಿದರು. ತಿರುವಿದಾಂಕೂರಿನವರು ಪರನಾಡಿನ ಬ್ರಾಹ್ಮಣ ಅಧಿಕಾರಿಗಳ ವಿರುದ್ಧ 1891ರ ಮಲಯಾಳಿ ಮನವಿಗೆ ಒಟ್ಟಾಗಿ ಸಹಿ ಹಾಕಿದ್ದರು. ಐದು ವರ್ಷಗಳಲ್ಲಿ, 1896ರಲ್ಲಿ, ಈಳವರು ಬೇರೆಯೇ ಮನವಿ ಬರೆಯಬೇಕಾಯಿತು. ಕಾಸರಗೋಡಿನ ಕನ್ನಡ ಬರವಣಿಗೆಯಲ್ಲಿ 1956ರ ನವೆಂಬರ್ 1 ಕಳಕೊಂಡ ದಿನವಾಗಿ ನಿಂತಿದೆ, ಅದರಲ್ಲಿ ಸತ್ಯವೂ ಇದೆ. ಅದೇ ದಿನವನ್ನು ಇಲ್ಲಿನ ಕೊರಗರ ಕೊಪ್ಪದಿಂದ ನೋಡಿ ಬರೆದ ಕತೆಯೊಂದು ಮುಂದಿನ ಸಂಚಿಕೆಗಾದರೂ ಬರಲಿ, ಕನ್ನಡದಲ್ಲೋ ಮಲಯಾಳದಲ್ಲೋ.