ಹೂ ಬಿಡದ ಮರಕ್ಕೂ ಒಂದು ಕ್ಯಾನ್ವಾಸು

2022ರಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಜನ ಗಾಡಿ ಮಾಡಿಕೊಂಡು ನೋಡಲು ಹೋದರು. 1933ರ ನಂತರ ಬಿದ್ದ ಕೋಡಿ, ಹೋಗದಿರುವುದು ಹೇಗೆ? ಅದೇ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಹೊಲಗಳನ್ನು ನೋಡಲೆಂದೇ ಬಂದವರನ್ನು ನಾನಂತೂ ಕಂಡಿಲ್ಲ. ಕೆಮ್ಮಣ್ಣು, ಜಾಲಿ, ಬದುವಿನ ಮೇಲಿನ ತಂಗಡಿ, ಶೇಂಗಾ ಹೊಟ್ಟಿನ ಬಣವೆ. ‘ಇದ್ರಾಗೆ ನೋಡಾದೇನೈತಿ?’ ಎಂದು ಊರವರೇ ಕೇಳುತ್ತಾರೆ. ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡೇ ನಾನು ರುಮಾಲೆ ಚನ್ನಬಸವಯ್ಯನವರ ತೈಲಚಿತ್ರಗಳ ಮುಂದೆ ನಿಲ್ಲುತ್ತೇನೆ.

ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿದ್ದವರು. ರಾಜಕಾರಣ ಬಿಟ್ಟು ಮತ್ತೆ ಕುಂಚ ಹಿಡಿಯುವ ಹೊತ್ತಿಗೆ ಐವತ್ತು ದಾಟಿತ್ತು. 1988ರಲ್ಲಿ ತೀರಿಕೊಳ್ಳುವವರೆಗೂ ಅವರದು ಒಂದೇ ಹಟ: ಚಿತ್ರ ಆಗಬೇಕಾದದ್ದು ಜಾಗದಲ್ಲೇ, ಬಿಸಿಲಲ್ಲೇ. ಬೆಂಗಳೂರಿನ ರಸ್ತೆ ಬದಿಯ ಮರಗಳು ಅವರಿಂದಾಗಿ ಚಿತ್ರದ ನಡುಮನೆಗೆ ಬಂದವು.

ಅವರ ಹೂಮರಗಳ ಹತ್ತಿರ ಹೋಗಿ ನೋಡಿದರೆ ಮರವೇ ಕಾಣುವುದಿಲ್ಲ. ಒಂದರ ಪಕ್ಕ ಒಂದು ಕೂತ ಬಣ್ಣದ ಹೊಡೆತಗಳಷ್ಟೇ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕತ್ತಿಕಾಯಿ ಮರ ಮೈತುಂಬ ಹತ್ತಿ ಉರಿಯುತ್ತದೆ. ನೆರಳನ್ನು ಅವರು ಕಪ್ಪಿನಿಂದ ತೀರಿಸಿ ಕೈತೊಳೆದುಕೊಳ್ಳಲಿಲ್ಲ. ಅಲ್ಲಿ ನೇರಳೆ ಇದೆ, ನೀಲಿ ಇದೆ. ಬಿಸಿಲನ್ನು ಬಲ್ಲವನ ಕಣ್ಣು ಇದು.

ತಕರಾರೂ ಇಲ್ಲಿಂದಲೇ ಶುರು. ರುಮಾಲೆಗೆ ಹೂ ಬೇಕು. ಅವರ ಕ್ಯಾನ್ವಾಸಿನಲ್ಲಿ ವರ್ಷವಿಡೀ ಜಾತ್ರೆ. ನಾಲ್ಕು ಚಿತ್ರ ನೋಡುವಷ್ಟರಲ್ಲಿ ಕಣ್ಣು ತುಂಬುತ್ತದೆ, ಎಂಟನೆಯದಕ್ಕೆ ಬರುವಾಗ ಒಂದು ಬೋಳು ಕೊಂಬೆ ಸಿಕ್ಕರೆ ಸಾಕೆನಿಸುತ್ತದೆ. ಎಲೆ ಉದುರಿ, ಬಾವಿ ಬತ್ತಿ, ನೆಲ ಬಿರಿದ ತಿಂಗಳು ಆ ಪಂಚಾಂಗದಲ್ಲಿ ಬರುವುದೇ ಅಪರೂಪ.

ಇದು ಅವರೊಬ್ಬರ ಕೊರತೆ ಅಲ್ಲ. ಕೆ. ವೆಂಕಟಪ್ಪನವರ ಜಲವರ್ಣ ಊಟಿಯ ಮಂಜನ್ನು ಹುಡುಕಿಕೊಂಡು ಹೋಯಿತು. ನಮ್ಮ ಹಿರಿಯೂರು ಸೀಮೆಯವರೇ ಆದ ಪಿ.ಆರ್. ತಿಪ್ಪೇಸ್ವಾಮಿ ಮೈಸೂರಿನ ಜಾನಪದ ವಸ್ತುಸಂಗ್ರಹಾಲಯಕ್ಕೆ ದುಡಿದವರು; ನಿಸರ್ಗ ಚಿತ್ರಕಾರರಾಗಿ ಅವರನ್ನು ಹೆಸರುಮಾಡಿಸಿದ್ದು ಮಲೆನಾಡಿನ ಹಸಿರು. ಬಯಲುಸೀಮೆಯವನಿಗೆ ಹಸಿರಿನ ಆಸೆ ಸಹಜವೇ. ಆದರೆ ಚಿತ್ರಕ್ಕೆ ಲಾಯಕ್ಕಾದ ನೆಲ, ಲಾಯಕ್ಕಲ್ಲದ ನೆಲ ಎಂಬ ಪಂಕ್ತಿಭೇದ ಹೀಗೆಯೇ ಗಟ್ಟಿಯಾಗುತ್ತಾ ಬಂತು.

ಫ್ರಾನ್ಸಿನ ಮೋನೆ 1890–91ರಲ್ಲಿ ತನ್ನ ಮನೆಯ ಹತ್ತಿರದ ಹೊಲದ ಬಣವೆಗಳನ್ನೇ ಮತ್ತೆ ಮತ್ತೆ ಬರೆದ. ಬೆಳಗಿನದು, ಸಂಜೆಯದು, ಹಿಮ ಬಿದ್ದಾಗಿನದು. ಬಣವೆಗೆ ಅವನು ಸಿಂಗಾರವನ್ನೇನೂ ಮಾಡಲಿಲ್ಲ; ಹೊತ್ತು ಹೊತ್ತಿಗೆ ಹೋಗಿ ನಿಂತ, ಅಷ್ಟೆ. ಬಣವೆಗೇನು ನಮ್ಮಲ್ಲಿ ಬರವೇ?

ತೈಲವರ್ಣಕ್ಕೆ ಹೇಳಿ ಮಾಡಿಸಿದ ನೆಲವೂ ನಮ್ಮದೇ. ಮಾರ್ಚಿಯ ಮಧ್ಯಾಹ್ನ ಇಲ್ಲಿ ಜಲವರ್ಣ ಬಳಿದರೆ ಹರಡುವ ಮೊದಲೇ ಕಾಗದ ಹೀರಿ ಒಣಗಿಸಿಬಿಡುತ್ತದೆ. ಎಣ್ಣೆ ಬಣ್ಣ ಕಾಯುತ್ತದೆ. ತಿದ್ದಲು, ಹೆರೆಯಲು, ಮೇಲೆ ಇನ್ನೊಂದು ಪದರ ಕೂರಿಸಲು ಬಿಡುತ್ತದೆ. ಹಸಿ ಬಣ್ಣಕ್ಕೆ ದೂಳು ಬಂದು ಅಂಟುತ್ತದೆ ಎನ್ನಬಹುದು. ಅಂಟಲಿ, ಅದೂ ಈ ಹೊಲದ್ದೇ ಬಣ್ಣ.

ಆದ್ದರಿಂದ ರುಮಾಲೆಯಿಂದ ಕಲಿಯಬೇಕಾದದ್ದು ಅವರ ಹೂವನ್ನಲ್ಲ, ನಿಲ್ಲುವ ಪಟ್ಟನ್ನು. ನೇರಳೆ ನೆರಳು ಕಂಡ ಆ ಕಣ್ಣಿಗೆ ಜಾಲಿಯ ಬೂದು ಹಸಿರಿನಲ್ಲೂ ಬೇಕಾದಷ್ಟು ಕೆಲಸವಿತ್ತು. ಇಲ್ಲಿ ಮೊದಲ ಮುಂಗಾರು ಹನಿದು ನಿಂತ ಮೇಲೆ ಕೆಮ್ಮಣ್ಣು ಅರ್ಧ ಗಂಟೆ ನೇರಳೆಗೆ ತಿರುಗಿ, ಹಳೇ ಬಣವೆ ಒದ್ದೆಯಾಗಿ ಕಂದುತ್ತದೆ. ಆಮೇಲೆ ಬಿಸಿಲು ಬಂದು ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುತ್ತದೆ. ಆ ಅರ್ಧ ಗಂಟೆಗೆ ಬಣ್ಣದ ಪೆಟ್ಟಿಗೆ ಬಿಚ್ಚಿ ಕೂತವರು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.