ತಡವಾಗಿ ಬಂದ ಉತ್ತರ: ‘ಸಂಸ್ಕಾರ’ ಮತ್ತು ಮನಸ್ಸಿನ ಗಂಟುಗಳು

ಕಳೆದ ವರ್ಷ ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಓದಿ ಮುಗಿಸಿದ ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿದರು: “ಚಂದ್ರಿಯ ಬಗ್ಗೆ ಒಂದು ಪುಟವೂ ಇಲ್ಲವಲ್ಲ, ಯಾಕೆ?” ಅಧ್ಯಾಯ ಇದ್ದದ್ದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯ ಪ್ರಾಣೇಶಾಚಾರ್ಯರ ಮನೋಗ್ರಂಥಿಗಳ ಮೇಲೆ. ನಲವತ್ತು ಪುಟ ಬರೆದಿದ್ದೆ. ಆದರೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಕೊನೆಗೆ “ಪಠ್ಯ ಇನ್ನೊಮ್ಮೆ ನೋಡಿ ಹೇಳ್ತೀನಿ ಸರ್” ಅಂದೆ. ಹೊರಗೆ ಬಂದ ಮೇಲೆ ಹೊಳೆಯಿತು: ಆಚಾರ್ಯರು ಅಗ್ರಹಾರದವರಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ದೂರ್ವಾಸಪುರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದವನ ಹೆಣ ಸುಡುವವರು ಯಾರು? ಆಚಾರ್ಯರು ಗ್ರಂಥ ನೋಡಿ ಹೇಳುತ್ತೇನೆಂದು ಸಮಯ ಕೇಳುತ್ತಾರೆ. ತಾಳೆಗರಿಗಳಲ್ಲಿ ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ. ಹೂವು ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ಇತ್ತ ಹೆಣ ನಾರುತ್ತದೆ, ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ.

ಇದನ್ನು ಧರ್ಮಸಂಕಟವೆಂದು ಓದುವುದು ರೂಢಿ. ನಾನೂ ಹಾಗೆಯೇ ಓದಿದ್ದೆ. ಈಗ ನನಗೆ ಮುಖ್ಯವಾಗಿ ಕಾಣುವುದು ಆ ವಿಳಂಬ. 20ನೇ ಶತಮಾನದ ಮೊದಲ ದಶಕದಲ್ಲಿ ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಆಸ್ಪತ್ರೆಯಲ್ಲಿ ಕಾರ್ಲ್ ಯೂಂಗ್ ಒಂದು ಪ್ರಯೋಗ ನಡೆಸುತ್ತಿದ್ದ. ಒಂದೊಂದೇ ಪದ ಹೇಳುವುದು, ಎದುರಿಗಿರುವವರು ತಕ್ಷಣ ತೋಚಿದ ಪದ ಹೇಳುವುದು, ಅದಕ್ಕೆ ಹಿಡಿದ ಸಮಯ ಬರೆದುಕೊಳ್ಳುವುದು. ಕೆಲವು ಪದಗಳಿಗೆ ಉತ್ತರ ತಡವಾಗುತ್ತಿತ್ತು. ಅಲ್ಲೇ ಎಲ್ಲೋ ಮನಸ್ಸು ಗಂಟು ಬಿದ್ದಿದೆ ಎಂದು ಅವನು ಗುರುತಿಸಿದ. ಕೊಟ್ಟ ಉತ್ತರದಷ್ಟೇ ಆದ ತಡವೂ ಮಾತಾಡುತ್ತಿತ್ತು. ‘ಗ್ರಂಥಿ’ ಎಂದರೆ ಗಂಟು ತಾನೆ? ‘ಗ್ರಂಥ’ ಎಂಬ ಪದವೂ ಕಟ್ಟು ಎಂಬ ಅದೇ ಧಾತುವಿನಿಂದ ಬಂದದ್ದು. ಆಚಾರ್ಯರು ಗ್ರಂಥದಲ್ಲಿ ಹುಡುಕಿದರು, ಗಂಟು ಇದ್ದದ್ದು ಬೇರೆ ಕಡೆ.

ಎಲ್ಲಿ? ಅನಂತಮೂರ್ತಿ ಸುಳಿವುಗಳನ್ನು ಮೊದಲೇ ಇಟ್ಟಿದ್ದಾರೆ. ರೋಗಿಷ್ಠೆ ಭಾಗೀರಥಿಯ ಸೇವೆಯನ್ನು ಆಚಾರ್ಯರು ತಪಸ್ಸೆಂದುಕೊಂಡಿದ್ದಾರೆ; ಆ ತ್ಯಾಗದೊಳಗೊಂದು ಹೆಮ್ಮೆ ಕೂತಿದೆ. ನಾರಣಪ್ಪನನ್ನು ದಾರಿಗೆ ತರುತ್ತೇನೆಂಬ ಕರುಣೆಯಲ್ಲಿ ಅವನ ಮೇಲೆ ಗೆಲ್ಲುವ ಹಟವಿದೆ. ಶಕುಂತಲೆಯ ಚೆಲುವನ್ನು ಆಚಾರ್ಯರು ಬಣ್ಣಿಸಿದ್ದು ಕೇಳಿ ಹುಡುಗನೊಬ್ಬ ಹೊಳೆಯ ಬಳಿ ಹೆಣ್ಣನ್ನು ಅರಸಿ ಹೋದದ್ದನ್ನು ನಾರಣಪ್ಪ ಚುಚ್ಚಿ ಹೇಳುತ್ತಾನೆ. ತಮ್ಮ ಮಾತಿನೊಳಗಿನ ಆಸೆ ಊರಿಗೆಲ್ಲ ಕೇಳಿಸಿತ್ತು, ಅವರಿಗೊಬ್ಬರಿಗೇ ಕೇಳಿಸಿರಲಿಲ್ಲ. ನಾರಣಪ್ಪನ ಹೆಣದ ಬಗ್ಗೆ ತೀರ್ಪು ಕೊಡುವುದೆಂದರೆ ಇವೆಲ್ಲವನ್ನೂ ಮುಟ್ಟುವುದು. ಅದಕ್ಕೇ ತಡ.

ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡಿದ ಮೇಲೆ ಆಚಾರ್ಯರಿಗೆ ಇದೆಲ್ಲ ಅರ್ಥವಾಗುತ್ತದೆ. ಆದರೆ ಅರ್ಥವಾದದ್ದನ್ನು ಒಪ್ಪಿಕೊಳ್ಳಲು ಅವರಿಂದ ಆಗುವುದಿಲ್ಲ. ಅಗ್ರಹಾರದ ಎದುರು ಚಂದ್ರಿಯೇ ಹೇಳಿಬಿಡಲಿ ಎಂದು ಬಯಸುತ್ತಾರೆ. ಹೆಂಡತಿಯನ್ನು ಸುಟ್ಟು ಊರು ಬಿಡುತ್ತಾರೆ. ಜೊತೆಗೆ ಅಂಟಿಕೊಂಡ ಪುಟ್ಟನಿಗೆ ತಾನು ಯಾರೆಂದು ಹೇಳುವುದಿಲ್ಲ. ಸೂತಕದಲ್ಲೇ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಕೊನೆಗೆ ಎಲ್ಲ ಹೇಳಿಬಿಡುವ ನಿರ್ಧಾರ ಮಾಡಿ ಗಾಡಿ ಹತ್ತುತ್ತಾರೆ, ಕಾದಂಬರಿ ಅಲ್ಲಿಗೇ ನಿಲ್ಲುತ್ತದೆ. ಈ ಮುಕ್ತಾಯ ಅಪೂರ್ಣ ಎನ್ನುವವರಿದ್ದಾರೆ. ನನಗೆ ಇದು ಕಾದಂಬರಿಯ ಪ್ರಾಮಾಣಿಕತೆ. ತಿಳಿಯುವುದು ಒಬ್ಬರೇ ಇದ್ದಾಗ ಆಗಬಹುದು. ಒಪ್ಪಿಕೊಳ್ಳುವುದಕ್ಕೆ ಎದುರಿಗೊಬ್ಬರು ಬೇಕು.

ಇನ್ನು ಚಂದ್ರಿ. ಅದೇ ರಾತ್ರಿ ಅವಳು ಗಾಡಿಯ ಶೇಷಪ್ಪನನ್ನು ಬೇಡುತ್ತಾಳೆ, ಅವನು ಹೆದರಿ ಒಲ್ಲೆನೆನ್ನುತ್ತಾನೆ. ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣ ಸುಟ್ಟು ಊರು ಬಿಡುತ್ತಾಳೆ. ಇಡೀ ಅಗ್ರಹಾರಕ್ಕೆ ಆಗದ್ದು ಅವಳಿಂದ ಆಯಿತು. ಹೆಣ ಕಂಡು ಅವಳೂ ಬೆಚ್ಚಿದ್ದಾಳೆ. ಆದರೆ ಆ ಹೆದರಿಕೆಯೊಳಗೆ ಏನಿತ್ತೆಂದು ಕಾದಂಬರಿ ಹೆಚ್ಚು ಹೊತ್ತು ನಿಂತು ನೋಡುವುದಿಲ್ಲ. ವೇಶ್ಯೆಯ ಮಗಳಿಗೆ ಪಾಪಪ್ರಜ್ಞೆಯ ಕಾಟವಿಲ್ಲ ಎಂಬ ಧಾಟಿಯಲ್ಲಿ ದಾಟಿಹೋಗುತ್ತದೆ. ಆಳವಾದ ಮನಸ್ಸೆಲ್ಲ ಆಚಾರ್ಯರಿಗೆ, ಚಂದ್ರಿ-ಬೆಳ್ಳಿಯರಿಗೆ ದೇಹ. ‘ಸಂಸ್ಕಾರ’ದ ಬಗ್ಗೆ ನನ್ನ ತಕರಾರು ಇದು.

ಹಾಗಿದ್ದರೆ ನಾನೇಕೆ ಅವಳನ್ನು ಬಿಟ್ಟೆ? ಇದಕ್ಕೆ ಉತ್ತರ ಪಠ್ಯದಲ್ಲಿರಲಿಲ್ಲ. ಎಂ.ಎ. ಸೇರಿದ ಮೊದಲ ವಾರ ಹಾಸ್ಟೆಲ್‌ನಲ್ಲಿ ಗೆಳೆಯರು “ನಿಮ್ಮಮ್ಮ ಏನ್ ಮಾಡ್ತಾರೆ?” ಎಂದು ಕೇಳಿದ್ದರು. ನನ್ನಮ್ಮ ಕೊಯ್ಲಿನ ಕಾಲದಲ್ಲಿ ಬೇರೆಯವರ ಅಂಗಳದಲ್ಲಿ ರಾತ್ರಿ ಹನ್ನೊಂದರವರೆಗೆ ಕೂತು ಕೂಲಿಗೆ ಅಡಿಕೆ ಸುಲಿಯುತ್ತಾಳೆ. ನಾನು ಒಂದು ಕ್ಷಣ ತಡೆದು “ಮನೇಲೇ ಇರ್ತಾರೆ” ಅಂದಿದ್ದೆ. ಯೂಂಗ್ ಎದುರಿಗಿದ್ದಿದ್ದರೆ ಆ ಕ್ಷಣವನ್ನು ಬರೆದುಕೊಳ್ಳುತ್ತಿದ್ದ. ಕೀಳರಿಮೆಯ ಬಗ್ಗೆ ಪುಟಗಟ್ಟಲೆ ಬರೆಯುವಾಗಲೂ ನಾನು ಗ್ರಂಥದ ಪಕ್ಕದಲ್ಲೇ, ಆಚಾರ್ಯರ ಜಗಲಿಯ ಮೇಲೇ ಕೂತಿದ್ದೆ. ಕೈಗೆ ಕರೆ ಹತ್ತಿಸಿಕೊಂಡು ಕೆಲಸ ಮುಗಿಸಿ ಹೋಗುವ ಹೆಂಗಸರತ್ತ ನೋಡಿದರೆ ನಾನು ಎಲ್ಲಿಂದ ಬಂದೆನೆಂದು ತಿಳಿದುಬಿಡುತ್ತಿತ್ತು.

ಅಧ್ಯಾಯವನ್ನು ಈಗ ತಿದ್ದುತ್ತಿದ್ದೇನೆ. ಗಂಟು ಬಿಚ್ಚಿಹೋಯಿತೆಂದು ಹೇಳಲಾರೆ. ಅದು ಎಲ್ಲಿದೆಯೆಂದು ಗೊತ್ತಾಗಿದೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಊಟದ ಹೊತ್ತಿನಲ್ಲಿ ಅದೇ ಪ್ರಶ್ನೆ ಕೇಳಿದಳು. “ಅಡಿಕೆ ಸುಲೀತಾಳೆ” ಅಂದೆ. ಆಗಲೂ ಉತ್ತರ ಸ್ವಲ್ಪ ತಡವಾಗಿಯೇ ಬಂತು.